ಟೀಚರ ಮೂಗಿಗೆ ಬದಲಿ

ಟೀಚರ್ ತೀರಿಕೊಂಡದ್ದು ಬೆಂಕಿಯಿಂದ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ಮೋಕ್ ಅಲಾರಮ್ಮಿನ ವಿಷಯ ಎತ್ತಿದ ಕೂಡಲೇ ಓದುವವರು ಕೊನೆಯ ಪುಟಕ್ಕೆ ಒಂದು ಅನಾಹುತವನ್ನು ಮನಸ್ಸಿನಲ್ಲೇ ಕಾದಿರಿಸಿಕೊಂಡು ಕೂರುತ್ತಾರೆ. ಆ ನಿರೀಕ್ಷೆಗೆ ಆಧಾರವಿಲ್ಲ. ಅವರು ಹೋದದ್ದು ಕಳೆದ ತಿಂಗಳು, ಪುತ್ತೂರಿನ ಆಸ್ಪತ್ರೆಯೊಂದರಲ್ಲಿ, ಹೃದಯದ ತೊಂದರೆಯಿಂದ. ಉಪ್ಪು ಕಡಿಮೆ ಮಾಡುವ ವಿಷಯದಲ್ಲಿ ಡಾಕ್ಟರರ ಜೊತೆ ಎರಡು ಸುತ್ತು ವಾದ ಮುಗಿಸಿ, ಮೂರನೆಯದಕ್ಕೆ ನಾಳೆ ಬನ್ನಿ ಎಂದಿದ್ದರಂತೆ. ಡಾಕ್ಟರರು ಬಂದರು, ಟೀಚರ್ ಇರಲಿಲ್ಲ. ವಾದವನ್ನು ಅರ್ಧಕ್ಕೆ ಬಿಟ್ಟು ಅವರು ಎದ್ದುಹೋದದ್ದು ನನಗೆ ಗೊತ್ತಿರುವಂತೆ ಅದೊಂದೇ ಸಲ.

ಉತ್ತರಕ್ರಿಯೆಯ ಊಟಕ್ಕೆ ಕೂತಾಗ ಪಕ್ಕದ ಎಲೆಯವರು, "ಟೀಚರ್ ಭಾರೀ ಸೌಮ್ಯ. ಒಬ್ಬರಿಗೆ ಎದುರು ಮಾತಾಡಿದವರಲ್ಲ" ಎಂದರು. ನಾನು ಉಪ್ಪಿನಕಾಯಿಯನ್ನು ಎಲೆಯ ತುದಿಗೆ ಸರಿಸಿದೆ. ಸತ್ತವರ ಬಗ್ಗೆ ಒಳ್ಳೆಯದು ಹೇಳಬೇಕೆಂಬ ಪದ್ಧತಿ ಇದೆ, ಒಪ್ಪುತ್ತೇನೆ. ಬೇರೆ ಯಾರದೋ ಗುಣವನ್ನು ತಂದು ಅವರಿಗೆ ಅಂಟಿಸಬೇಕೆಂದು ಎಲ್ಲಿಯೂ ಇಲ್ಲ. ಎದುರು ಮಾತಾಡುವುದೇ ಟೀಚರ ಜೀವನವಾಗಿತ್ತು. ಎದುರಿಗೆ ಯಾರೂ ಸಿಗದ ದಿನ ಅವರು ರೇಡಿಯೋದ ಕೃಷಿ ಕಾರ್ಯಕ್ರಮಕ್ಕೆ ಉತ್ತರ ಕೊಡುತ್ತಿದ್ದರು. ಸೌಮ್ಯರಂತೆ! ಈ ಬರಹ ಆ ಒಂದು ಮಾತಿನ ಖಂಡನೆ ಎಂದೇ ಇಟ್ಟುಕೊಳ್ಳಿ.

ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಮ್ಮಂಥ ನಾಲ್ಕೈದು ಬಾಯಿಬಡುಕರನ್ನು ಕೂರಿಸಿಕೊಂಡು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದರು. ಪೆರಾಬೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಪಾಗಾರದ ಗೋಡೆ ಮಾತ್ರ. ಹಾಗಾಗಿ ಉಳಿದವರಿಗೆ ಸಿಗುತ್ತಿದ್ದ ರಜೆ ನನಗೆ ಸಿಗಲಿಲ್ಲ. "ನಿನಗೆ ಯಾವ ಪಕ್ಷ ಬೇಕು?" ಎಂದು ಕೇಳುವರು. ಪರ ಎಂದರೆ ವಿರೋಧ ಕೊಡುವರು. ಇದು ಗೊತ್ತಾಗಿ ನಾವು ಬೇಕಾದದ್ದರ ತಿರುಗಾಮುರುಗಾ ಹೇಳಲು ಶುರುಮಾಡಿದೆವು. ಅದು ಅವರಿಗೆ ಗೊತ್ತಾಗಿ, ಕೇಳಿದ್ದನ್ನೇ ಕೊಡತೊಡಗಿದರು. ಮಾತು ಉದ್ದವಾದರೆ ಸ್ಟೀಲಿನ ಲೋಟಕ್ಕೆ ಚಮಚದಿಂದ ಹೊಡೆಯುವರು. ಎದುರಿನವರನ್ನು ಮುಗಿಸುವ ಮಾತು ಬಾಯಿಗೆ ಬಂದಾಗ ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸುವರು. ಕನ್ನಡಕ ಮೇಲೆ ಹೋಯಿತೆಂದರೆ ನಾವು ಅರ್ಥ ಮಾಡಿಕೊಂಡು ಕೂತುಬಿಡುತ್ತಿದ್ದೆವು.

ಒಮ್ಮೆ ಉಪ್ಪಿನಂಗಡಿಯ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ಹಿಗ್ಗಿನಿಂದ ಕೆಳಗಿಳಿದರೆ ಟೀಚರ ಮುಖ ಹುಳಿ ತಿಂದ ಹಾಗಿತ್ತು.

"ಗೆದ್ದದ್ದು ಸರಿ. ನಿನ್ನ ಎರಡನೇ ಪಾಯಿಂಟು ಸುಳ್ಳು. ಗೊತ್ತುಂಟಾ?"

"ಗೊತ್ತುಂಟು ಟೀಚರ್. ಆದ್ರೆ ಅವನು ಹಿಡೀಲಿಲ್ಲ."

"ಅವನು ಹಿಡೀಲಿಲ್ಲ ಅಂತ ಅದು ಸತ್ಯ ಆಗ್ತದಾ? ಹೋಗು, ಎಲ್ಲಿ ಹಿಡೀಬೇಕಿತ್ತು ಅಂತ ಹೇಳಿ ಬಾ."

ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಯುತ್ತಿದ್ದ ಆ ಹುಡುಗನನ್ನು ಹುಡುಕಿ, ನನ್ನನ್ನು ಹೇಗೆ ಸೋಲಿಸಬಹುದಾಗಿತ್ತು ಎಂದು ವಿವರಿಸಿದೆ. ಅವನು ಲೋಟ ಅಲ್ಲೇ ಇಟ್ಟು ಬೇರೆ ಬಸ್ಸು ಹತ್ತಿದ.

ಕಡಬದಿಂದ ಪುತ್ತೂರಿಗೆ ಹೋಗುವ ಎಂಟೂವರೆಯ ಬಸ್ಸು ಒಂದು ದಿನ ಒಂಬತ್ತೂಕಾಲಿಗೆ ಬಂತು. ಕಂಡಕ್ಟರ್ ನಗುತ್ತ, "ಇದು ಲೇಟಲ್ಲ ಟೀಚರ್, ಒಂಬತ್ತೂವರೆಯದ್ದು ಬೇಗ ಬಂದದ್ದು" ಎಂದ. ಅವನು ತಮಾಷೆಗೆ ಹೇಳಿದ್ದು. ಟೀಚರ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕನ್ನಡಕ ಏರಿಸಿ, "ಹಾಗಾದ್ರೆ ಎಂಟೂವರೆಯದ್ದು ಎಲ್ಲಿ ಉಂಟು? ಅದು ಇಲ್ಲ ಅಂತಾದ್ರೆ ಇಲ್ಲದ ಬಸ್ಸಿಗೆ ನಾನು ಕಾದದ್ದು ಹೇಗೆ?" ಎಂದು ಶುರುಮಾಡಿದರು. ಬಸ್ಸು ಲೇಟು ಎಂದು ಕಂಡಕ್ಟರ್ ಒಪ್ಪಿಕೊಳ್ಳುವ ಹೊತ್ತಿಗೆ ಅದು ನಿಜವಾಗಿಯೂ ಇನ್ನಷ್ಟು ಲೇಟಾಗಿತ್ತು.

ಅವರ ಯಜಮಾನರನ್ನು ನಾನು ಮಾವ ಎಂದು ಕರೆಯುತ್ತೇನೆ. ಅವರು ಕರೆಂಟಿನ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಜಾತಕ, ಹಲ್ಲಿ ಶಕುನ, ರಾಹುಕಾಲ, ಎಲ್ಲದರಲ್ಲೂ ಅವರಿಗೆ ನಂಬಿಕೆ. ಆದರೆ ಎಲ್ಲಕ್ಕಿಂತ ಹೆಚ್ಚಿನ ನಂಬಿಕೆ ಕರೆಂಟಿನಲ್ಲಿ. ಕರೆಂಟು ಹೋದರೆ ನಾವೆಲ್ಲ ಬೈಯುತ್ತೇವೆ. ಮಾವ ಬೈಯುವುದಿಲ್ಲ, ಮನೆಯವರ್ಯಾರೋ ಸಭೆಯಲ್ಲಿ ಜಾರಿಬಿದ್ದರೆಂಬಂತೆ ತಲೆ ತಗ್ಗಿಸುತ್ತಾರೆ. ಹೆಂಡತಿಯನ್ನು ಸಾಮಾನ್ಯವಾಗಿ "ಏ" ಎಂದು ಕರೆಯುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಊರಿನವರಂತೆ "ಟೀಚರೇ" ಎನ್ನುತ್ತಿದ್ದರು.

ಎಲ್ಲರ ಮೂಗಿನ ವಾಸನೆ ಕೆಡಿಸಿದ ಆ ಜ್ವರದ ವರ್ಷ ಇಬ್ಬರೂ ಮಲಗಿದರು. ಮಾವನ ಮೂಗು ಹತ್ತು ದಿನದಲ್ಲಿ ವಾಪಸು ಬಂತು. ಟೀಚರದ್ದು ಬರಲೇ ಇಲ್ಲ. ಅವರು ಅದನ್ನು ಪ್ರಯೋಗವಾಗಿ ತೆಗೆದುಕೊಂಡರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂರುವರು, ನಾನು ಒಂದೊಂದೇ ಡಬ್ಬಿ ಹಿಡಿಯಬೇಕು. ಇಂಗನ್ನು ಮಲ್ಲಿಗೆ ಎಂದರು. ಸೀಮೆಎಣ್ಣೆಗೆ, "ಇದು ನೀರು, ನನ್ನನ್ನು ಪರೀಕ್ಷೆ ಮಾಡ್ತಿದ್ದೀ" ಎಂದರು. ಕೊನೆಗೆ ಹಣ್ಣಾದ ಹಲಸನ್ನೇ ಮಡಿಲಲ್ಲಿಟ್ಟೆವು. "ಭಾರ ಉಂಟು" ಎಂದರು ಅಷ್ಟೇ.

ಬಟ್ಟೆ ಬಿಚ್ಚಿ ಮಡಚಿಟ್ಟು, "ವಾಸನೆ ಅಂತ ಒಂದು ಉಂಟು ಅನ್ನುದಕ್ಕೆ ನನ್ನ ಹತ್ರ ಈಗ ಎಂತ ಪುರಾವೆ? ನೀವಿಬ್ರು ಹೇಳುದು ಮಾತ್ರ" ಎಂದರು.

"ಅಷ್ಟು ವರ್ಷ ನೀನೇ ಮೂಸಿದ್ದೀ ಅಲ್ಲ?" ಎಂದರು ಮಾವ.

"ಅದು ಹಳೇ ಸಾಕ್ಷಿ."

ನಗುತ್ತಲೇ ಇದ್ದೆವು, ಒಂದು ದಿನ ಅಡುಗೆಮನೆಯಲ್ಲಿ ಹಾಲು ಸೀದುಹೋಗುವವರೆಗೆ. ಪಾತ್ರೆ ಕರಕಲಾಗಿ, ಪಕ್ಕದಲ್ಲಿದ್ದ ಪ್ಲಾಸ್ಟಿಕ್ಕಿನ ಸೌಟು ಕರಗಿ, ಹೊಗೆ ಹೊರಗೆ ಅಂಗಳಕ್ಕೆ ಬಂದಿತ್ತು. ಮಾವ ತೋಟದಿಂದ ಓಡಿಬಂದು ನೋಡಿದರೆ ಟೀಚರ್ ಪಕ್ಕದ ಕೋಣೆಯಲ್ಲೇ ಪೇಪರ್ ಓದುತ್ತಿದ್ದಾರೆ. ಸುಳ್ಯದಲ್ಲಿರುವ ಮಗಳಿಗೆ ಫೋನು ಹೋಯಿತು. ಮಗಳು ಅಮ್ಮನಷ್ಟೇ ಗಟ್ಟಿ.

"ಅಮ್ಮ, ಇನ್ನು ನೀನು ಒಬ್ಬಳೇ ಇರುವಾಗ ಒಲೆ ಹೊತ್ತಿಸುದು ಬೇಡ. ಅಪ್ಪ ಅಡುಗೆಮನೇಲಿ ಇದ್ರೆ ಮಾತ್ರ."

"ನಿನ್ನಪ್ಪ ಅಡುಗೆಮನೇಲಿ ಎಂತ ಮಾಡುದು?"

"ಮೂಸುದು."

ಟೀಚರ್ ಫೋನು ಇಟ್ಟರು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರಯೋಗಾಲಯದಲ್ಲಿ ಮಕ್ಕಳ ಕೈಗೆ ಬೆಂಕಿ ಕೊಟ್ಟು ಒಬ್ಬರ ಕೂದಲೂ ಸುಡದಂತೆ ನೋಡಿಕೊಂಡವರಿಗೆ, ತನ್ನ ಒಲೆಗೆ ಬೆಂಕಿಕಡ್ಡಿ ಗೀರಲು ಕಾವಲಿನವರು ಬೇಕೆಂದಾಯಿತು. ಅವರು ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಮಾರನೇ ದಿನ ಪಾಗಾರದ ಹತ್ತಿರ ಬಂದು, "ಒಂದು ಮೂಗು ಬೇಕು ಮಾರಾಯ್ತಿ. ಸ್ಮೋಕ್ ಅಲಾರಂ ಅಂತ ಸಿಗ್ತದಲ್ಲ, ನಿನ್ನ ಮೊಬೈಲಿನಲ್ಲಿ ನೋಡು" ಎಂದರು.

ಮಾವ ಒಪ್ಪಿದರು, ಆದರೆ ಒಂದೇ ಷರತ್ತು, ಅದು ಕರೆಂಟಿನದ್ದೇ ಆಗಬೇಕು. ಟೀಚರಿಗೆ ಬ್ಯಾಟರಿಯದ್ದೇ ಆಗಬೇಕು.

"ಬ್ಯಾಟರಿ ಅಂದ್ರೆ ಆಟದ ಸಾಮಾನು," ಎಂದರು ಮಾವ. "ಇವತ್ತು ಉಂಟು ನಾಳೆ ಇಲ್ಲ. ಕರೆಂಟಿನದ್ದು ಗೋಡೆಯ ಒಳಗಿಂದ ಬರ್ತದೆ. ಅದಕ್ಕೆ ಬುಡ ಉಂಟು."

"ಬುಡ ಎಲ್ಲಿ ಉಂಟು? ಗುಡುಗಿನ ಶಬ್ದ ಸುಳ್ಯದಲ್ಲಿ ಕೇಳಿದ್ರೆ ನೀವು ಇಲ್ಲಿ ಮೈನ್ ಸ್ವಿಚ್ ತೆಗೀತೀರಿ. ಸಿಡಿಲು ಬಡಿದು ಬೆಂಕಿ ಹತ್ತುವ ಹೊತ್ತಿಗೆ ಸರಿಯಾಗಿ ನಿಮ್ಮ ಮೂಗು ಮಲಗಿರ್ತದೆ."

ಇದು ನಮ್ಮ ಕಡೆಯ ಎಲ್ಲ ಮನೆಗಳ ಮಾತು. ಗುಡುಗು ಕೇಳಿದ ಕೂಡಲೇ ಮೈನ್ ಸ್ವಿಚ್ ಆಫ್, ಪ್ಲಗ್ಗುಗಳೆಲ್ಲ ಹೊರಗೆ. ಕರೆಂಟಿನ ಆಫೀಸಿನಲ್ಲಿ ದುಡಿದ ಮಾವ ಅದನ್ನು ಎಲ್ಲರಿಗಿಂತ ಮೊದಲು ಮಾಡುತ್ತಿದ್ದರು.

"ಅದಕ್ಕೇ ಅದರ ಒಳಗೆ ಸಣ್ಣ ಬ್ಯಾಟರಿ ಇಟ್ಟಿದ್ದಾರೆ," ಎಂದರು ಮಾವ, ನನ್ನ ಮೊಬೈಲಿನಲ್ಲಿ ನೋಡಿ. "ಕರೆಂಟು ಹೋದ್ರೆ ಅದು ಹಿಡ್ಕೊಳ್ತದೆ."

ಕನ್ನಡಕ ಮೇಲೆ ಹೋಯಿತು. "ಅಂದ್ರೆ ಕಷ್ಟಕಾಲಕ್ಕೆ ಬ್ಯಾಟರಿಯೇ ಬೇಕು ಅಂತ ನಿಮ್ಮ ಕರೆಂಟೇ ಒಪ್ಪಿದ ಹಾಗಾಯ್ತಲ್ಲ ಮಾರಾಯ್ರೆ! ಎದುರು ಪಕ್ಷದವರನ್ನು ಹೊಟ್ಟೆಯೊಳಗೆ ಇಟ್ಕೊಂಡು ಎಂತ ವಾದ ಮಾಡ್ತೀರಿ?"

ಮಾವನ ಕಿವಿ ಕೆಂಪಾಯಿತು. "ಆಯ್ತು ಟೀಚರೇ," ಎಂದರು.

ಎರಡನ್ನೂ ತರಿಸಿದ್ದಾಯಿತು. ಮಾವ ತಾನೇ ವಯರು ಎಳೆದು ಕರೆಂಟಿನದ್ದನ್ನು ಅಡುಗೆಮನೆಯ ಮಾಡಿಗೆ, ಒಲೆಯ ನೆತ್ತಿಯ ಮೇಲೆ, ಕೂರಿಸಿದರು. ಟೀಚರ್ ತಮ್ಮದನ್ನು ಅಡುಗೆಮನೆಯಿಂದ ಚಾವಡಿಗೆ ಬರುವ ಬಾಗಿಲಿನ ಮೇಲೆ, ತೊಲೆಗೆ ಅಂಟಿಸಿದರು. ಆ ಮನೆಯಲ್ಲಿ ಮಿಕ್ಸಿ, ರೇಡಿಯೋ, ರಿಮೋಟು ಎಲ್ಲಕ್ಕೂ ಟೀಚರ್ ಹೆಣೆದ ನೂಲಿನ ಟೊಪ್ಪಿಗಳಿದ್ದವು. ಅವರ ಅಲಾರಮ್ಮಿಗೂ ಒಂದು ಬಂತು, ಗುಲಾಬಿ ಬಣ್ಣದ್ದು. ಹೊಗೆ ಹೋಗಲು ತೂತುಗಳಿರುವ ಹೆಣಿಗೆ. ಅಡಿಯಲ್ಲಿ ಊದುಬತ್ತಿ ಕಟ್ಟು ಹಚ್ಚಿ ಹಿಡಿದು, ಟೊಪ್ಪಿಯೊಳಗಿಂದಲೂ ಕೂಗುತ್ತದೆಂದು ನಮಗೆ ತೋರಿಸಿಕೊಟ್ಟರು. ಕೂಗು ಸ್ವಲ್ಪ ಮೂಗಿನಿಂದ ಬಂದ ಹಾಗಿತ್ತು, ಅದಕ್ಕೂ ಶೀತವಾದಂತೆ.

ನನ್ನನ್ನು ತೀರ್ಪುಗಾರಳಾಗಿ ನೇಮಿಸಿದರು. ನಿಯಮವನ್ನು ಟೀಚರೇ ಹೇಳಿ, ಮಗಳಿಗೂ ಫೋನಿನಲ್ಲಿ ಕೇಳಿಸಿದರು. ಎರಡರಲ್ಲಿ ಒಂದಾದರೂ ಸಮಯಕ್ಕೆ ಕೂಗಿದರೆ ಒಲೆ ಟೀಚರದ್ದು, ಯಾರ ಕಾವಲೂ ಬೇಡ. ನಿಜವಾಗಿ ಬೆಂಕಿಯ ಸಂದರ್ಭ ಬಂದು ಎರಡೂ ಸುಮ್ಮನಿದ್ದರೆ, ಅವತ್ತಿನಿಂದ ಅವರು ಒಬ್ಬರೇ ಒಲೆ ಮುಟ್ಟುವುದಿಲ್ಲ. ಸುಳ್ಯದಿಂದ, "ಆಯ್ತು, ಮಾತು ಮಾತೇ" ಎಂಬ ಉತ್ತರ ಬಂತು.

ಸಂದರ್ಭ ಬರುವ ಮೊದಲು ಮಾವನ ಅಲಾರಂ ಊರಿಗೇ ಪರಿಚಯವಾಯಿತು. ಬಚ್ಚಲೊಲೆಗೆ ತೆಂಗಿನ ಸೋಗೆ ತುರುಕಿದರೆ ಕೂಗು. ಒಗ್ಗರಣೆಗೆ ಕೂಗು. ನೀರುದೋಸೆಗೆ ಕೂಗಲಿಲ್ಲ, ಉದ್ದಿನ ದೋಸೆಗೆ ಕೂಗಿತು. ಯಾಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅಮ್ಮ, "ಟೀಚರಲ್ಲಿ ಸ್ನಾನಕ್ಕೆ ನೀರು ಕಾಯಿತು, ನೀನು ಇನ್ನೂ ಎದ್ದಿಲ್ಲ" ಎಂದು ನನ್ನನ್ನು ಎಬ್ಬಿಸತೊಡಗಿದರು. ಮಾವನಿಗೆ ಹೆಮ್ಮೆ. "ನೋಡು, ಎಷ್ಟು ಜಾಗ್ರತೆ! ಇಪ್ಪತ್ನಾಲ್ಕು ಗಂಟೆ ಡ್ಯೂಟಿ."

"ಅದು ಜಾಗ್ರತೆ ಅಲ್ಲ, ಬೊಬ್ಬೆ," ಎಂದರು ಟೀಚರ್. "ನನ್ನದು ಸುಮ್ಮನೆ ಬಾಯಿ ಬಿಡುದಿಲ್ಲ."

ಹೀಗೆ, ಬಾಗಿಲ ಮೇಲಿನ ಗುಲಾಬಿ ಟೊಪ್ಪಿಯ ಮೌನ ಗಾಂಭೀರ್ಯದ ಲಕ್ಷಣವೆಂದು ದಾಖಲಾಯಿತು.

ಆ ಗಾಂಭೀರ್ಯ ಮುರಿದದ್ದು ಗಣಹೋಮದ ದಿನ. ಮಾವ ತಮ್ಮದನ್ನು ಮೈನ್ ಸ್ವಿಚ್ಚಿನಲ್ಲೇ ಮಲಗಿಸಿದ್ದರು. ಅದರೊಳಗಿನ ಸಣ್ಣ ಬ್ಯಾಟರಿ ಹಿಡಿದುಕೊಂಡು ಕೂಗಬೇಕಿತ್ತಲ್ಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಹೊಳೆಯಲು ಪುರುಸೊತ್ತಿರಲಿಲ್ಲ. ಚಾವಡಿಯಲ್ಲಿ ಹೋಮದ ಹೊಗೆ ಏರಿದ ಕೂಡಲೇ ಟೀಚರದ್ದು ಶುರುವಾಯಿತು. ಪುರೋಹಿತರು ಮಂತ್ರ ನಿಲ್ಲಿಸಿದರು. ಅದು ನಿಲ್ಲಿಸಲಿಲ್ಲ. ಅವರು ಶ್ರುತಿ ಏರಿಸಿ ಮುಂದುವರಿಸಿದರು. ಟೀಚರ್ ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿ, ಹೊಗೆ ಹತ್ತಿರ ಬರದ ಹಾಗೆ ಗಾಳಿ ಹಾಕಲು ಬೀಸಣಿಗೆ ಕೊಟ್ಟರು. ಪೂರ್ಣಾಹುತಿಯವರೆಗೆ ನಾನು ಗುಲಾಬಿ ಟೊಪ್ಪಿಗೆ ಗಾಳಿ ಹಾಕುತ್ತ ನಿಂತೆ. ಅರಂತೋಡಿನಿಂದ ಬಂದಿದ್ದ ಅಜ್ಜಿಯೊಬ್ಬರು ಹೊರಡುವಾಗ ತೊಲೆಯ ಕಡೆ ನೋಡಿ ಕೈಮುಗಿದು, "ಇದು ಯಾವ ದೇವರು ಮಗಾ?" ಎಂದು ಕೇಳಿದರು. ನಾನು ದೇವರನ್ನು ನಂಬುವವಳಲ್ಲ, ಅದು ಎಲ್ಲರಿಗೂ ಗೊತ್ತು. ಆದರೂ ಆ ಹೊತ್ತಿಗೆ ಅಜ್ಜಿಯ ಜೊತೆ ವಾದಿಸುವಷ್ಟು ಕೈಯಲ್ಲಿ ಬಲ ಉಳಿದಿರಲಿಲ್ಲ.

ಆಮೇಲೆ ಹಲ್ಲಿ ಬಂತು.

ನಮ್ಮಲ್ಲಿ ಯಾರಾದರೂ ಮಾತಾಡುತ್ತಿರುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಎಂದು ಲೆಕ್ಕ. ಕೇಳಿದವರು ಬೆರಳ ಗೆಣ್ಣಿನಿಂದ ಮರಕ್ಕೆ ಟಕಟಕ ಬಡಿದು "ಕೃಷ್ಣ ಕೃಷ್ಣ" ಎನ್ನುತ್ತಾರೆ. ಮಳೆಗಾಲ ಮುಗಿಯುತ್ತ ಬಂದಾಗ ಒಂದು ಸಂಜೆ ಟೀಚರ್ ಚಾವಡಿಯಲ್ಲಿ ಕೂತು, "ಏನೇ ಹೇಳಿ, ನಂಬುದಾದ್ರೆ ಬ್ಯಾಟರಿಯನ್ನು ನಂಬಬೇಕು" ಎಂದರು. ತೊಲೆಯ ಕಡೆಯಿಂದ "ಚಿಕ್" ಎಂದಿತು.

ಮಾವನ ಬೆರಳು ಕುರ್ಚಿಯ ಕೈಗೆ ತಾನಾಗಿ ಬಡಿಯಿತು. "ಕೃಷ್ಣ ಕೃಷ್ಣ," ಎಂದರು. ಆಮೇಲೆ ತಾನು ಯಾವ ಮಾತಿಗೆ ಸಾಕ್ಷಿ ಹಾಕಿದೆನೆಂದು ಗೊತ್ತಾಗಿ ಮುಖ ಸಣ್ಣದಾಯಿತು.

"ಕೇಳಿದ್ರಾ?" ಎಂದರು ಟೀಚರ್.

"ಟೀಚರ್, ನಿಮಗೆ ಹಲ್ಲಿಯಲ್ಲಿ ನಂಬಿಕೆ ಇಲ್ಲವಲ್ಲ," ಎಂದೆ.

"ನನಗೆ ಇಲ್ಲ. ಅವರಿಗೆ ಉಂಟು. ಎದುರು ಪಕ್ಷ ನಂಬುವ ಸಾಕ್ಷಿ ನನ್ನ ಕಡೆಗೆ ಹೇಳಿದ್ರೆ ನಾನು ಎಂತಕ್ಕೆ ಪಾಟೀಸವಾಲು ಹಾಕುದು?"

ಆ ಹಲ್ಲಿಯಷ್ಟು ಪಕ್ಷಪಾತಿ ಹಲ್ಲಿಯನ್ನು ನಾನು ಕಂಡಿಲ್ಲ. ಟೀಚರ್ ಹೆಚ್ಚು ಮಾತಾಡುವವರು, ಹಾಗಾಗಿ ಅದು ನುಡಿದಾಗೆಲ್ಲ ಬಾಯಿ ತೆರೆದಿರುತ್ತಿದ್ದದ್ದು ಅವರದ್ದೇ. ಗಂಧಸಾಲೆ ಅಕ್ಕಿ ಬೇಡ, ಚಿಕ್. ಮಾವನ ಅಣ್ಣನಿಗೆ ಬುದ್ಧಿ ಕಡಿಮೆ, ಚಿಕ್. ಮಗಳು ಫೋನಿನಲ್ಲಿ, "ಒಲೆ ವಿಷಯ ಎಂತಾಯ್ತು?" ಎಂದು ಕೇಳಿದಾಗ, "ನನಗೆ ಏನೂ ತೊಂದರೆ ಇಲ್ಲ" ಎಂದರು, ಚಿಕ್, ಅದು ಸುಳ್ಯದವರೆಗೂ ಕೇಳಿಸಿತು. ಮಾವ ಹಲ್ಲಿಯನ್ನು ತಮ್ಮ ಕಡೆ ಮಾಡಿಕೊಳ್ಳಲು ಚಾವಡಿಯಲ್ಲಿ ಒಬ್ಬರೇ ಕೂತು, "ಕರೆಂಟೇ ಮೇಲು, ಕರೆಂಟೇ ಮೇಲು" ಎಂದು ಮೆಲ್ಲಗೆ ಹೇಳುತ್ತಿದ್ದದ್ದನ್ನು ನಾನು ಕಿಟಕಿಯಿಂದ ಕಂಡಿದ್ದೇನೆ. ಹೀಗೆ ಮೂರು ನಾಲ್ಕು ವಾರ ನಡೆಯಿತು. ಆಮೇಲೆ ಹಲ್ಲಿಯ ಸದ್ದಿಲ್ಲ. "ಜಾಗ ಬಿಟ್ಟಿತು," ಎಂದರು ಮಾವ, ತೃಪ್ತಿಯಿಂದ.

ತುಲಾ ತಿಂಗಳ, ಅಂದರೆ ದೀಪಾವಳಿ ಹೊತ್ತಿನ, ಒಂದು ಸಂಜೆ ನಾನು ಅವರ ಚಾವಡಿಯಲ್ಲಿ ಕೂತಿದ್ದಾಗ ಗುಡುಗು ಶುರುವಾಯಿತು. ಮಾವನಿಗೆ ಶೀತ. ಮೂಗಿನ ಸುತ್ತ ಅಮೃತಾಂಜನದಂಥ ಏನೋ ಮುಲಾಮು ಹಚ್ಚಿಕೊಂಡು, ಗಂಜಿಗೆ ಬಾಳ್ಕದ ಮೆಣಸು, ಆ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ್ದು, ಕರಿದು ಬೇಕು ಎಂದಿದ್ದರು. ಟೀಚರ್ ಬಾಣಲೆಯಲ್ಲಿ ಎಣ್ಣೆ ಇಟ್ಟು ಒಲೆ ಸಣ್ಣ ಮಾಡಿದ್ದರು. ಅಷ್ಟರಲ್ಲಿ ಮಾವ ಮೈನ್ ಸ್ವಿಚ್ ತೆಗೆದರು. ಮನೆ ಕತ್ತಲಾಯಿತು. ಟೀಚರ್ ದೀಪ ಹಚ್ಚಿ ಚಾವಡಿಗೆ ತಂದಿಟ್ಟು, ನನ್ನ ಕಡೆ ತಿರುಗಿ, "ತೀರ್ಪುಗಾರರೇ ಬರೆದುಕೊಳ್ಳಿ, ಈಗ ಇವರ ಮೂಗು ಮಲಗಿತು" ಎಂದರು.

"ನಿನ್ನದು ಎಚ್ಚರ ಉಂಟು ಅಂತ ಹೇಗೆ ಹೇಳ್ತೀ?" ಎಂದರು ಮಾವ.

"ಕೂಗುದಿಲ್ಲವಲ್ಲ. ಹೊಗೆ ಇಲ್ಲ, ಹಾಗೆ ಕೂಗುದಿಲ್ಲ."

"ಕೂಗದೇ ಇರುದು ಪುರಾವೆಯಾ?" ಎಂದೆ ನಾನು. ಅಷ್ಟೇ ಸಾಕಾಯಿತು. ಮೌನ ಪುರಾವೆಯಾಗಬಹುದೇ ಎಂಬ ಬಗ್ಗೆ ಮೂವರೂ ಹಿಡಿದುಕೊಂಡೆವು. ಟೀಚರ್ ಕಣ್ಣರಳಿಸಿ, ಸೆರಗು ಸಿಕ್ಕಿಸಿ, ಹಳೆಯ ಹುರುಪಿನಲ್ಲಿ ಮಾತಾಡಿದರು. ನನ್ನ ಮೂಗಿಗೆ ಕರಿದ ವಾಸನೆ ಬಂದಿತ್ತು. ಬಾಳ್ಕ ಎಂದರೆ ವಾಸನೆ ಇರುವುದೇ ಎಂದುಕೊಂಡೆ. ಬಾಳ್ಕ ಇನ್ನೂ ಡಬ್ಬಿಯಲ್ಲೇ ಇತ್ತು.

ಮಾತಿನ ನಡುವೆ ಮಾವನ ಮುಖ ಬೆಳಗಿತು. ನಿಜವಾಗಿಯೇ ಬೆಳಗಿತು. ಅವರು ಅಡುಗೆಮನೆಯ ಕಡೆ ಕೈ ತೋರಿಸಿ, "ನೋಡು! ಕರೆಂಟು ಬಂತು!" ಎಂದರು.

ನಾವಿಬ್ಬರೂ ತಿರುಗಿ ನೋಡಿದೆವು. ಅಡುಗೆಮನೆ ಹಳದಿಯಾಗಿ ಹೊಳೆಯುತ್ತಿತ್ತು.

"ಮೈನ್ ಸ್ವಿಚ್ ನೀವು ಹಾಕಿದ್ರಾ?" ಎಂದು ಕೇಳಿದರು ಟೀಚರ್.

"ಇಲ್ಲ."

"ಮತ್ತೆ ಕರೆಂಟು ಬಂದದ್ದು ಎಲ್ಲಿಂದ ಮಾರಾಯ್ರೆ?"

ಪ್ರಶ್ನೆ ಸರಿಯಾಗಿತ್ತು. ಅದಕ್ಕೆ ಉತ್ತರ ಹುಡುಕಲು ನಮಗೆ ಒಂದು ಕ್ಷಣ ಹಿಡಿಯಿತು. ಆಮೇಲೆ ಮೂವರೂ ಓಡಿದೆವು.

ಬಾಣಲೆಯ ಎಣ್ಣೆ ಉರಿಯುತ್ತಿತ್ತು, ಮೇಲೆ ಮೊಳೆಗೆ ತೂಗುಹಾಕಿದ್ದ ಪಾತ್ರೆ ಹಿಡಿಯುವ ಬಟ್ಟೆಗೂ ಹಿಡಿದಿತ್ತು. ಮಾವ ಕೊಡಪಾನ ಎತ್ತಿದರು. "ನೀರು ಹಾಕಬೇಡಿ!" ಟೀಚರ ತರಗತಿಯ ಧ್ವನಿ. ಮಾವ ಕೊಡಪಾನ ಹಿಡಿದಲ್ಲೇ ಕಲ್ಲಾದರು. ಟೀಚರ್ ಗ್ಯಾಸು ಬಂದ್ ಮಾಡಿದರು, ಅನ್ನದ ಪಾತ್ರೆಯ ದೊಡ್ಡ ಮುಚ್ಚಳವನ್ನು ಬಾಣಲೆಯ ಮೇಲೆ ಜಾರಿಸಿ ಮುಚ್ಚಿದರು, ಬಟ್ಟೆಯನ್ನು ಇಕ್ಕುಳದಿಂದ ಎಳೆದು ನೆಲಕ್ಕೆ ಹಾಕಿ, "ಈಗ ಇದಕ್ಕೆ ಹಾಕಿ ನೀರು" ಎಂದರು. ಮಾವ ಬಟ್ಟೆಗೂ ನನ್ನ ಕಾಲಿಗೂ ಹಾಕಿದರು. ಮುಗಿಯಿತು. ಗೋಡೆಯಲ್ಲಿ ಒಂದು ಕಪ್ಪು ನಾಲಗೆ ಉಳಿಯಿತು.

ಕೆಮ್ಮು ನಿಂತ ಮೇಲೆ ಮೂವರೂ ಮೇಲೆ ನೋಡಿದೆವು. ಮಾಡಿನಲ್ಲಿ ಒಂದು, ಬಾಗಿಲ ಮೇಲೆ ಒಂದು. ಎರಡೂ ಸುಮ್ಮನಿದ್ದವು.

ಮಾವನದ್ದನ್ನು ಮೊದಲು ಬಿಚ್ಚಿದೆ. ಸಣ್ಣ ಬ್ಯಾಟರಿಯ ಗೂಡು ಖಾಲಿ. "ನಾನೇ ತೆಗೆದದ್ದು, ಕೂರಿಸುವಾಗಲೇ," ಎಂದರು ಮಾವ, ನೆಲ ನೋಡುತ್ತ. "ಎದುರು ಪಕ್ಷದವರನ್ನು ಹೊಟ್ಟೆಯೊಳಗೆ ಇಟ್ಕೊಂಡಿದ್ದೀರಿ ಅಂದಳಲ್ಲ."

ಟೀಚರದ್ದರ ಗುಲಾಬಿ ಟೊಪ್ಪಿ ತೆಗೆದೆ. ಒಳಗಿನ ಸೆಲ್ಲು ಪೂರಾ ಸತ್ತಿತ್ತು. ಪರೀಕ್ಷೆಗೆಂದು ಟಿವಿ ರಿಮೋಟಿನ ಅರೆಜೀವದ ಸೆಲ್ಲು ತಂದು ಹಾಕಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅದು, ಸೆಲ್ಲು ಮುಗಿಯುತ್ತ ಬಂದಿದೆ ಎಂದು ತಿಳಿಸುವ ಸದ್ದು ಮಾಡಿತು. "ಚಿಕ್."

ಮಾವನ ಬೆರಳು ಬಾಗಿಲ ದಾರಂದದ ಮರಕ್ಕೆ ಬಡಿಯಿತು. "ಕೃಷ್ಣ ಕೃ..." ಅಲ್ಲಿಗೇ ನಿಂತಿತು.

ಯಾರೂ ನಗಲಿಲ್ಲ. ಮೂರು ನಾಲ್ಕು ವಾರ ಆ ಡಬ್ಬಿ ನಾನು ಸಾಯುತ್ತಿದ್ದೇನೆ ಎಂದು ಹೇಳುತ್ತಿತ್ತು, ನಾವು ಅದನ್ನು ಗಂಧಸಾಲೆ ಅಕ್ಕಿಯ ಬಗ್ಗೆ ಅದರ ಅಭಿಪ್ರಾಯ ಎಂದುಕೊಂಡಿದ್ದೆವು.

ಟೀಚರ್ ಅಡುಗೆಮನೆಯ ಮಣೆ ಎಳೆದು ಕೂತರು. "ತೀರ್ಪು ಕೊಡು," ಎಂದರು ನನಗೆ.

"ನಾಳೆ ಕೊಡ್ತೇನೆ ಟೀಚರ್."

"ನಿಯಮದಲ್ಲಿ ನಾಳೆ ಅಂತ ಇಲ್ಲ. ಬೇಡ, ನಾನೇ ವಾದ ಮಂಡಿಸ್ತೇನೆ. ಎರಡೂ ಕೂಗಲಿಲ್ಲ, ಅದು ಮೊದಲನೇದು. ಅದು ಯಂತ್ರದ ತಪ್ಪು ಅಂತ ನೀವು ಹೇಳಬಹುದು. ಅಲ್ಲ. ಇವರ ಅಲಾರಮ್ಮಿನ ಬ್ಯಾಟರಿ ತೆಗೆಸಿದ್ದು ಯಾರು? ನಾನು, ಒಂದು ಮಾತು ಗೆಲ್ಲಲಿಕ್ಕೆ. ನನ್ನದು ಸಾಯ್ತೇನೆ ಅಂತ ಬಾಯಿಬಿಟ್ಟು ಹೇಳಿತು. ಹಲ್ಲಿ ಅಲ್ಲ ಅಂತ ಗೊತ್ತಾಗಬೇಕಿದ್ದದ್ದು ಯಾರಿಗೆ? ಇವರು ನಂಬುವವರು, ಇವರನ್ನು ಬಿಡಿ. ನಾನು ವಿಜ್ಞಾನದ ಟೀಚರ್. ಸಾಕ್ಷಿ ನನ್ನ ಕಡೆಗೆ ಇತ್ತು ಅಂತ ಪರೀಕ್ಷೆ ಮಾಡಲಿಲ್ಲ. ಎಣ್ಣೆ ಇಟ್ಟು ಮಾತಿಗೆ ಕೂತದ್ದೂ ನಾನೇ. ಮೂಗು ಇಲ್ಲದ್ದು ನನ್ನ ತಪ್ಪಲ್ಲ. ಮೂಗು ಇಲ್ಲ ಅನ್ನುದನ್ನು ಮರೆತದ್ದು ತಪ್ಪು. ಇಂಥವಳ ಕೈಗೆ ಬೆಂಕಿಪೆಟ್ಟಿಗೆ ಕೊಡಬಾರದು. ಇಷ್ಟೇ."

ಎಲ್ಲಿಯೂ ಬಿರುಕಿಲ್ಲದ ವಾದ. ಧ್ವನಿ ಒಂದು ಕಡೆಯೂ ನಡುಗಲಿಲ್ಲ. ಅವರಿಂದಲೇ ಕಲಿತ ಹಾಗೆ ನಾನು ಪಾಯಿಂಟುಗಳನ್ನು ಬೆರಳಲ್ಲಿ ಎಣಿಸಿದೆ.

ಮಾವನಿಗೆ ಸಹಿಸಲಾಗಲಿಲ್ಲ. ಇಷ್ಟು ದಿನ ಅವರು ಕಾವಲಿನ ಪಕ್ಷದಲ್ಲಿದ್ದವರು. ಈಗ ಕೊಡಪಾನ ಕೆಳಗಿಟ್ಟು ಎದುರು ನಿಂತರು. "ಬಾಳ್ಕ ಕೇಳಿದ್ದು ನಾನು," ಎಂದರು.

"ಅದು ಅಸಂಬದ್ಧ."

"ಮೈನ್ ಸ್ವಿಚ್ ತೆಗೆದದ್ದೂ ನಾನು."

"ಅದಕ್ಕೂ ಎಣ್ಣೆಗೂ ಸಂಬಂಧ ಇಲ್ಲ."

"ನೀನು ಅಡುಗೆ ಬಿಟ್ರೆ ನಾನು ಮಾಡಬೇಕಾಗ್ತದೆ. ನಾನು ಈಗಷ್ಟೇ ಉರಿಯುವ ಎಣ್ಣೆಗೆ ನೀರು ಹಾಕ್ಲಿಕ್ಕೆ ಹೊರಟವ."

ಟೀಚರ್ ಕೊಡಪಾನದ ಕಡೆ ನೋಡಿದರು. "ಇದರಲ್ಲಿ ಸ್ವಲ್ಪ ಸತ್ವ ಉಂಟು," ಎಂದರು. "ಆದ್ರೆ ನೀವು ಅಸಮರ್ಥರು ಅಂದ್ರೆ ನಾನು ಸಮರ್ಥೆ ಅಂತ ಆಗುದಿಲ್ಲ."

"ಆಗುದಿಲ್ಲ," ಎಂದು ಮಾವ ಒಪ್ಪಿದರು.  ಇಬ್ಬರೂ ನನ್ನ ಕಡೆ ನೋಡಿದರು.

ನಾನು ನಿಯಮದ ಪ್ರಕಾರವೇ ಹೇಳಿದೆ. ಎರಡೂ ಅಲಾರಂ ಸೋತಿವೆ. ಟೀಚರ ವಾದಕ್ಕೆ ಖಂಡನೆ ಬಂದಿಲ್ಲ. ಇವತ್ತಿನಿಂದ ಟೀಚರ್ ಒಬ್ಬರೇ ಒಲೆ ಹೊತ್ತಿಸಕೂಡದು ಎಂದು ಟೀಚರ್ ಸಾಬೀತು ಮಾಡಿದ್ದಾರೆ, ಅವರಿಗೇ ಜಯ. ಹೇಳಿ ಮುಗಿಸಿ, ಅವರ ಕಡೆ ನೋಡದೆ ಕಿಟಕಿ ತೆರೆಯಲು ಹೋದೆ. ಹೊಗೆ ಇನ್ನೂ ಇತ್ತು, ಅದೂ ಒಂದು ಕಾರಣ.

"ಸರಿಯಾದ ತೀರ್ಪು," ಎಂದರು ಟೀಚರ್. ಬೆಂಕಿಪೆಟ್ಟಿಗೆಯನ್ನು ಎತ್ತಿ ಮಾವನ ಕೈಗೆ ಕೊಟ್ಟರು.

ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲಿಡಬೇಕೆಂದು ಗೊತ್ತಾಗದೆ ಕೊನೆಗೆ ಒಲೆಯ ಪಕ್ಕದ ಗೂಡಿನಲ್ಲಿ, ಅದು ಯಾವಾಗಲೂ ಇರುವ ಜಾಗದಲ್ಲೇ ಇಟ್ಟರು.

"ತೀರ್ಪು ಸರಿ ಉಂಟು," ಎಂದರು. "ನಾಳೆ ಬೆಳಿಗ್ಗೆ ಚಾ ಎಷ್ಟು ಗಂಟೆಗೆ? ನಾನು ಬೇಗ ತೋಟಕ್ಕೆ ಹೋಗ್ಲಿಕ್ಕುಂಟು."

ಟೀಚರ ಕೈ ಕನ್ನಡಕದವರೆಗೆ ಹೋಗಿ, ಅದನ್ನು ಏರಿಸದೆ ಕೆಳಗಿಳಿಯಿತು. 

"ಆರಕ್ಕೆ," ಎಂದರು.

ಮಾರನೇ ದಿನ ಮಾವ ಕಡಬಕ್ಕೆ ಹೋಗಿ ಹೊಸ ಸೆಲ್ಲು ತಂದು ಎರಡಕ್ಕೂ ಹಾಕಿದರು. ಪ್ರತಿ ಸಂಕ್ರಮಣಕ್ಕೆ ದೇವರಿಗೆ ದೀಪ ಇಟ್ಟ ಮೇಲೆ ಎರಡರ ಗುಂಡಿಯನ್ನೂ ಒತ್ತಿ ಕೂಗಿಸಿ ನೋಡುವುದು ಆ ಮನೆಯ ಕ್ರಮವಾಯಿತು. ಕಾವಲಿಗೆ ಯಾರೂ ಅಡುಗೆಮನೆಯಲ್ಲಿ ಕೂರಲಿಲ್ಲ. ನನ್ನ ತೀರ್ಪಿನ ವಿರುದ್ಧ ಒಬ್ಬರೂ ಒಂದು ಮಾತೂ ಆಡಲಿಲ್ಲ, ಮಗಳೂ ಸೇರಿ ಎಲ್ಲರೂ ಅದು ಸರಿ ಎಂದೇ ಒಪ್ಪಿಕೊಂಡರು. ಟೀಚರ್ ಇರುವಷ್ಟು ದಿನ ಅದು ಜಾರಿಗೆ ಬರಲಿಲ್ಲ.